ಕೊಳಚೆ ನೀರಿಗೆ ಪಾಚಿ ಹೊಂಡವೋ, ಜೊಂಡಿನ ಹಾಸೋ, ಮೋಟರ್ ಎಸ್‌ಟಿಪಿಯೋ? ಬೆಳಗಾವಿ, ಬಾಗಲಕೋಟೆ, ವಿಜಯಪುರದವರಿಗೊಂದು ಹೋಲಿಕೆ

"ಕರೆಂಟ್ ಬೇಡ, ಕೆಮಿಕಲ್ ಬೇಡ, ಬಿಸಿಲೊಂದಿದ್ದರೆ ಸಾಕು. ಗಟಾರದ ನೀರನ್ನು ಪಾಚಿನೇ ತೊಳೆದು ಕೊಡುತ್ತದೆ. ಆಮೇಲೆ ಆ ಪಾಚಿ ಮಾರಿ ದುಡ್ಡೂ ಮಾಡಬಹುದು." ಪಾಚಿ ಹೊಂಡ ಮಾರಲು ಬರುವವರ ಮಾತು ಹೆಚ್ಚುಕಡಿಮೆ ಹೀಗೇ ಇರುತ್ತದೆ. ಮೊದಲಿನ ಮಾತುಗಳಲ್ಲಿ ಹುರುಳಿದೆ. ದುಡ್ಡಿನ ಮಾತಿನಲ್ಲಿ ಇಲ್ಲ, ಅದರ ಲೆಕ್ಕ ಕೆಳಗೆ ಬರುತ್ತದೆ.

ಹಳ್ಳಿ ಪಂಚಾಯಿತಿಯವರು, ಹಾಸ್ಟೆಲ್ ನಡೆಸುವವರು, ಊರ ಹೊರಗೆ ಲೇಔಟ್ ಮಾಡುವವರು, ಸಣ್ಣ ಹಾಲಿನ ಡೈರಿ ಅಥವಾ ನೂಲಿಗೆ ಬಣ್ಣ ಹಾಕುವ ಘಟಕ ಇಟ್ಟುಕೊಂಡವರು ಯಾವ ದಾರಿ ಹಿಡಿಯಬೇಕು ಅನ್ನುವುದು ಇಲ್ಲಿನ ವಿಷಯ. ನನ್ನ ಒಲವು ಯಾವ ಕಡೆ ಇದೆ ಎಂದು ಮುಚ್ಚಿಡುವುದಿಲ್ಲ. ಜಾಗ ಇದ್ದರೆ ಸಾದಾ ಹೊಂಡಗಳ ಸಾಲು, ಅದರ ಕೊನೆಗೊಂದು ಜಲ್ಲಿ ಹಾಸು. ಯಾಕೆ ಅಂತ ಹೇಳುತ್ತೇನೆ.

ಪಾಚಿ ಮಾಡುವ ಕೆಲಸ

ಕೊಳಚೆಯನ್ನು ತಿಂದು ಕರಗಿಸುವುದು ಪಾಚಿ ಅಲ್ಲ, ಬ್ಯಾಕ್ಟೀರಿಯಾ. ಆ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಬೇಕು. ಮೋಟರ್ ಎಸ್‌ಟಿಪಿಯಲ್ಲಿ ಅಂದರೆ ಕೊಳಚೆ ನೀರನ್ನು ಯಂತ್ರದಿಂದ ಶುದ್ಧ ಮಾಡುವ ಘಟಕದಲ್ಲಿ, ಬ್ಲೋವರ್ ಹಗಲೂ ರಾತ್ರಿ ಗಾಳಿ ಊದುವುದು ಇದಕ್ಕೇ. ಪಾಚಿ ಇದ್ದರೆ ಬಿಸಿಲಿನಲ್ಲಿ ಅದೇ ಆಮ್ಲಜನಕ ಬಿಡುತ್ತದೆ. ಒಂದು ಕಿಲೋ ಒಣ ಪಾಚಿ ಬೆಳೆಯುವಷ್ಟರಲ್ಲಿ ಸುಮಾರು ಒಂದೂವರೆ ಕಿಲೋ ಆಮ್ಲಜನಕ ನೀರಿಗೆ ಸೇರುತ್ತದೆ. ಬ್ಯಾಕ್ಟೀರಿಯಾ ಬಿಟ್ಟ ಇಂಗಾಲದ ಡೈಆಕ್ಸೈಡು, ಅಮೋನಿಯಾ, ರಂಜಕ ಪಾಚಿಗೆ ಊಟ. ಒಂದರ ಕಸ ಇನ್ನೊಂದರ ಆಹಾರ. ಅಮೆರಿಕದ ಬರ್ಕ್ಲಿಯಲ್ಲಿ ವಿಲಿಯಂ ಆಸ್ವಾಲ್ಡ್ ಎಂಬ ಎಂಜಿನಿಯರ್ 1950ರ ದಶಕದಲ್ಲಿ ಈ ಜೋಡಿಯ ಲೆಕ್ಕವನ್ನು ಕೂತು ಬಿಡಿಸಿದರು. ತೆಳು ನೀರಿನ, ಚಕ್ರ ತಿರುಗುವ ಪಾಚಿ ಹೊಂಡಗಳು ಅಲ್ಲಿಂದ ಶುರುವಾದವು.

ಇನ್ನೊಂದು ಲಾಭ ಕಣ್ಣಿಗೆ ಕಾಣದ್ದು. ಮಧ್ಯಾಹ್ನದ ಹೊತ್ತಿಗೆ ಪಾಚಿ ನೀರಿನೊಳಗಿನ ಇಂಗಾಲವನ್ನೆಲ್ಲ ಎಳೆದುಕೊಳ್ಳುವುದರಿಂದ ಪಿಎಚ್ (ನೀರು ಹುಳಿಯೋ ಕ್ಷಾರವೋ ಎನ್ನುವ ಅಳತೆ) 9 ದಾಟುತ್ತದೆ. ಆ ಪಿಎಚ್, ಮೇಲಿನಿಂದ ಬೀಳುವ ಬಿಸಿಲು, ತುಂಬಿದ ಆಮ್ಲಜನಕ, ಈ ಮೂರೂ ಸೇರಿದರೆ ರೋಗ ತರುವ ಬ್ಯಾಕ್ಟೀರಿಯಾ ಬದುಕುವುದು ಕಷ್ಟ. ಕ್ಲೋರಿನ್ ಇಲ್ಲದೆ ಆಗುವ ಕೆಲಸ ಇದು. ಅಮೋನಿಯಾದ ಒಂದು ಪಾಲು ಗಾಳಿಗೆ ಹಾರಿಹೋಗುತ್ತದೆ, ರಂಜಕದ ಒಂದು ಪಾಲು ಸುಣ್ಣದ ಜೊತೆ ತಳಕ್ಕೆ ಇಳಿಯುತ್ತದೆ.

ರಾತ್ರಿ ಮಾತ್ರ ಕಥೆ ಉಲ್ಟಾ. ಬಿಸಿಲು ಇಲ್ಲದಾಗ ಪಾಚಿಯೂ ಆಮ್ಲಜನಕ ಉಸಿರಾಡುತ್ತದೆ. ಮಧ್ಯಾಹ್ನ 2 ಗಂಟೆಗೆ ಒಂದು ಲೀಟರ್‌ನಲ್ಲಿ 15 ಮಿಲಿಗ್ರಾಂಗಿಂತ ಜಾಸ್ತಿ ಆಮ್ಲಜನಕ ತೋರಿಸಿದ ನೀರು ಬೆಳಗಿನ ಜಾವ 5ಕ್ಕೆ ಸೊನ್ನೆ ಹತ್ತಿರ ಬಂದಿರಬಹುದು. ಹೊಂಡದ ಮೀನು ಬೆಳಗಾಗುವಷ್ಟರಲ್ಲಿ ಸತ್ತು ತೇಲುವುದು ಇದೇ ಕಾರಣಕ್ಕೆ. ಯಾರಾದರೂ ಮಧ್ಯಾಹ್ನದ ರೀಡಿಂಗ್ ಮಾತ್ರ ತೋರಿಸಿದರೆ, ಬೆಳಗಿನದ್ದೂ ಕೇಳಿ.

ಈಗ ಮುಖ್ಯ ತೊಂದರೆ. ಪಾಚಿಯ ಕಣ ಮಿಲಿಮೀಟರ್‌ನ ನೂರನೇ ಒಂದು ಭಾಗದಷ್ಟು, ಕೆಲವು ಅದಕ್ಕೂ ಸಣ್ಣವು. ತೂಕ ಹೆಚ್ಚುಕಡಿಮೆ ನೀರಿನಷ್ಟೇ. ಆದ್ದರಿಂದ ಅದು ಸುಲಭಕ್ಕೆ ತಳಕ್ಕೆ ಇಳಿಯುವುದಿಲ್ಲ. ಹಸಿರು ನೀರನ್ನು ಹಾಗೇ ಹಳ್ಳಕ್ಕೆ ಬಿಟ್ಟರೆ ಮುಂದೆ ಎಲ್ಲೋ ಪಾಚಿ ಸತ್ತು ಕೊಳೆತು ಮತ್ತೆ ಕೊಳಚೆ ಆಗುತ್ತದೆ. ನೀವು ಮಾಡಿದ್ದು ಕೊಳಚೆಯ ವೇಷ ಬದಲಿಸಿದ್ದಷ್ಟೇ. ಪಾಚಿ ಬೆಳೆಸುವುದಕ್ಕೆ ಯಾರೂ ಕಷ್ಟಪಡಬೇಕಿಲ್ಲ, ನಮ್ಮ ಕೃಷಿ ಹೊಂಡಗಳಲ್ಲಿ ಬೇಡ ಬೇಡ ಅಂದರೂ ಹಾವಸೆ ಕಟ್ಟುತ್ತದೆ. ಖರ್ಚು, ತಲೆನೋವು ಎರಡೂ ಇರುವುದು ಅದನ್ನು ನೀರಿನಿಂದ ಬೇರ್ಪಡಿಸುವುದರಲ್ಲಿ. ಯಾವ ಪದ್ಧತಿ ಆರಿಸುವಾಗಲೂ "ಕೊನೆಗೆ ಪಾಚಿಯನ್ನು ತೆಗೆಯುವುದು ಹೇಗೆ" ಎಂಬ ಪ್ರಶ್ನೆಯನ್ನೇ ಮೊದಲು ಕೇಳಬೇಕು.

ಒಂದು ಹಳ್ಳಿ ಹಿಡಿದು ಲೆಕ್ಕ

3,000 ಜನರ ಊರು ಅಂತಿಟ್ಟುಕೊಳ್ಳಿ. ಜಲ ಜೀವನ್ ಯೋಜನೆಯ ಲೆಕ್ಕದಂತೆ ತಲೆಗೆ ದಿನಕ್ಕೆ 55 ಲೀಟರ್ ನೀರು. ಅದರಲ್ಲಿ ನೂರಕ್ಕೆ 80 ಪಾಲು ಗಟಾರಕ್ಕೆ ಬಂದರೆ ದಿನಕ್ಕೆ ಸುಮಾರು 1.3 ಲಕ್ಷ ಲೀಟರ್. ಬಹುಪಾಲು ಸ್ನಾನ, ಪಾತ್ರೆ, ಬಟ್ಟೆಯ ಬೂದು ನೀರು, ಜೊತೆಗೆ ಅಲ್ಲಲ್ಲಿ ಸೆಪ್ಟಿಕ್ ಟ್ಯಾಂಕ್ ಉಕ್ಕಿದ್ದು.

*ಸಾದಾ ಹೊಂಡಗಳ ಸಾಲು.* ಮೊದಲು 3 ಮೀಟರ್ ಆಸುಪಾಸು ಆಳದ ಹೊಂಡ. ಅದರಲ್ಲಿ ಪಾಚಿ ಇಲ್ಲ, ಗಾಳಿ ಇಲ್ಲ. ರಾಡಿ ತಳ ಸೇರಿ ಕೊಳೆಯುತ್ತದೆ. ಎರಡನೆಯದು ಒಂದೂವರೆ ಮೀಟರ್ ಆಳದ್ದು, ಮೇಲೆ ಪಾಚಿ, ಕೆಳಗೆ ರಾಡಿ. ನಿಜವಾದ ಶುದ್ಧಿ ನಡೆಯುವುದು ಇಲ್ಲಿ. ಮೂರನೆಯದು ಇನ್ನೂ ಸ್ವಲ್ಪ ತೆಳು, ಬಿಸಿಲು ಒಳಗಿಳಿದು ರೋಗಾಣು ಸಾಯಲಿ ಅಂತ. ಎಲ್ಲ ಸೇರಿ ನೀರು 15ರಿಂದ 20 ದಿನ ನಿಲ್ಲಬೇಕು. ನಮ್ಮ ಊರಿಗೆ ನೀರಿನ ಹರವೇ 17-18 ಗುಂಟೆ, ಒಡ್ಡು, ದಾರಿ ಸೇರಿದರೆ 25 ಗುಂಟೆ ದಾಟುತ್ತದೆ. ಕರೆಂಟ್ ಬೇಕಿಲ್ಲ. ಆಳದ ಹೊಂಡದ ರಾಡಿಯನ್ನು ಎರಡು-ಮೂರು ವರ್ಷಕ್ಕೊಮ್ಮೆ ತೆಗೆಯಬೇಕು, ಎರಡನೆಯದಕ್ಕೆ ಹತ್ತು ವರ್ಷ ಕೈ ಹಚ್ಚದಿದ್ದರೂ ನಡೆಯುತ್ತದೆ.

ಇದರ ಒಂದು ಗುಣವನ್ನು ಯಾರೂ ಎತ್ತಿ ಹೇಳುವುದಿಲ್ಲ. ನೀರು ಇಷ್ಟು ದಿನ ಸುಮ್ಮನೆ ನಿಂತರೆ ಜಂತುಹುಳದ ಮೊಟ್ಟೆಗಳು ತಳಕ್ಕೆ ಇಳಿಯುತ್ತವೆ. ನೀರಾವರಿಗೆ ಬಿಡುವ ನೀರಿನಲ್ಲಿ ಲೀಟರ್‌ಗೆ ಒಂದಕ್ಕಿಂತ ಜಾಸ್ತಿ ಮೊಟ್ಟೆ ಇರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಬರಿಗಾಲಲ್ಲಿ ಹೊಲಕ್ಕೆ ಇಳಿಯುವವರಿಗೆ ಈ ಒಂದು ಅಂಶ ಬಿಒಡಿಗಿಂತ (ನೀರಿನಲ್ಲಿರುವ ಕೊಳಚೆ ಕರಗಿಸಲು ಬ್ಯಾಕ್ಟೀರಿಯಾಕ್ಕೆ ಎಷ್ಟು ಆಮ್ಲಜನಕ ಬೇಕು ಎನ್ನುವ ಅಳತೆ) ದೊಡ್ಡದು.

*ಚಕ್ರ ತಿರುಗುವ ತೆಳು ಹೊಂಡ.* ಆಸ್ವಾಲ್ಡ್ ಕೊಟ್ಟದ್ದು ಇದು. ಓಟದ ಮೈದಾನದ ಟ್ರ್ಯಾಕ್‌ನಂತೆ ಸುತ್ತುವ ಕಾಲುವೆ, ನೀರು 30ರಿಂದ 50 ಸೆಂಟಿಮೀಟರ್ ಮಾತ್ರ. ಅಗಲ ರೆಕ್ಕೆಯ ಚಕ್ರವೊಂದು ಸೆಕೆಂಡಿಗೆ 15ರಿಂದ 30 ಸೆಂಟಿಮೀಟರ್ ವೇಗದಲ್ಲಿ ನೀರನ್ನು ತಳ್ಳುತ್ತಿರುತ್ತದೆ. ಎಲ್ಲ ಪಾಚಿಗೂ ಸರದಿಯಂತೆ ಬಿಸಿಲು ಸಿಗುವುದರಿಂದ 4 ದಿನದಲ್ಲೇ ಕೆಲಸ ಆಗುತ್ತದೆ. ನಮ್ಮ ಊರಿಗೆ 15 ಗುಂಟೆ ಹರವು, ಅದರ ಮುಂದೊಂದು ತಿಳಿಯಾಗಿಸುವ ತೊಟ್ಟಿ, ಹಿಂದೊಂದು ಪಾಚಿ ಇಳಿಸುವ ತೊಟ್ಟಿ. ಕರೆಂಟ್ ಬೇಕು, ಆದರೆ ಬ್ಲೋವರ್‌ಗೆ ಹೋಲಿಸಿದರೆ ಏನೂ ಅಲ್ಲ.

ಕಾಗದದ ಮೇಲೆ ಇದೇ ಚೆಂದ. ಸಾರಜನಕ, ರಂಜಕ ತೆಗೆಯುವುದರಲ್ಲೂ ಸಾದಾ ಹೊಂಡಕ್ಕಿಂತ ಮುಂದೆ. ಆದರೆ ಹೊರಬರುವ ನೀರು ಗಾಢ ಹಸಿರು. ಬ್ಯಾಕ್ಟೀರಿಯಾದ ಜೊತೆ ಗಂಟುಕಟ್ಟಿದ ಪಾಚಿ ತಾನೇ ಇಳಿಯುತ್ತದೆ, ಒಂಟಿ ಕಣಗಳು ಇಳಿಯುವುದಿಲ್ಲ. ಅವುಗಳಿಗೆ ಪಟಿಕ ಹಾಕಬೇಕು, ಅಥವಾ ಗಾಳಿಗುಳ್ಳೆ ಬಿಟ್ಟು ಮೇಲಕ್ಕೆ ತೇಲಿಸಬೇಕು. ಅಲ್ಲಿಗೆ "ಕೆಮಿಕಲ್ ಬೇಡ" ಎಂಬ ಮಾತು ಮುಗಿಯಿತು. ಚಕ್ರದ ಬೇರಿಂಗ್ ಕೆಟ್ಟು ಎರಡು ದಿನ ನಿಂತರೂ ಪಾಚಿ ತಳಕ್ಕೆ ಕೂತು ಕೊಳೆಯಲು ಶುರು. ದಿನಾ ನೋಡಿಕೊಳ್ಳುವ, ವಿಷಯ ಗೊತ್ತಿರುವ ಒಬ್ಬ ಮನುಷ್ಯ ಇದ್ದರೆ ಮಾತ್ರ ಇದು. ವಾಟರ್‌ಮನ್‌ಗೇ ಇದನ್ನೂ ವಹಿಸಿದರಾಯ್ತು ಅಂತ ಪಂಚಾಯಿತಿಯವರು ಅಂದುಕೊಂಡರೆ ಬೇಡ.

*ಜೊಂಡಿನ ಹಾಸು.* ಜಲ್ಲಿ ತುಂಬಿದ ತೊಟ್ಟಿ, ಮೇಲೆ ಜೊಂಡು ಇಲ್ಲವೇ ಕ್ಯಾನಾ ಗಿಡ, ನೀರು ಜಲ್ಲಿಯೊಳಗೇ ಹರಿಯುತ್ತದೆ. ಪಾಚಿಗೆ ಬಿಸಿಲೇ ಸಿಗದ ಕಾರಣ ನೀರು ತಿಳಿಯಾಗಿ ಬರುತ್ತದೆ, ಸೊಳ್ಳೆ ಇಲ್ಲ, ವಾಸನೆ ಕಡಿಮೆ. ಆದರೆ ಪೂರ್ತಿ ಕೆಲಸ ಇದರಿಂದಲೇ ಆಗಬೇಕೆಂದರೆ ತಲೆಗೆ ಒಂದೆರಡು ಚದರ ಮೀಟರ್ ಬೇಕು. 3,000 ಜನಕ್ಕೆ ಅದು 30ರಿಂದ 60 ಗುಂಟೆ. ಅಷ್ಟು ಜಲ್ಲಿ ತುಂಬಿಸುವ ಖರ್ಚು ಸಣ್ಣದಲ್ಲ, ಮುಂದೆ ಜಲ್ಲಿ ಕಟ್ಟಿಕೊಂಡರೆ ತೆಗೆದು ತೊಳೆಯುವುದೂ ಇದೆ. 100-200 ಮಕ್ಕಳ ಹಾಸ್ಟೆಲ್‌ಗೆ ಇದು ಒಳ್ಳೆಯ ಆಯ್ಕೆ. ಊರಿಗೆ ಅಷ್ಟಕ್ಕಷ್ಟೆ.

*ಮೋಟರ್ ಎಸ್‌ಟಿಪಿ.* ಎರಡು-ಮೂರು ಗುಂಟೆಯಲ್ಲಿ ಮುಗಿಯುತ್ತದೆ. ದೊಡ್ಡ ಘಟಕಗಳಲ್ಲಿ ಸಾವಿರ ಲೀಟರ್‌ಗೆ ಅರ್ಧ ಯೂನಿಟ್ ಆಸುಪಾಸು, ಚಿಕ್ಕವುಗಳಲ್ಲಿ ಒಂದು ಯೂನಿಟ್ ದಾಟುತ್ತದೆ. ನಮ್ಮ ಊರಿಗೆ ದಿನಕ್ಕೆ 130 ಯೂನಿಟ್, ತಿಂಗಳಿಗೆ 4,000 ಯೂನಿಟ್ ಹತ್ತಿರ. ಹೆಸ್ಕಾಂ ಬಿಲ್ ಯಾರು ಕಟ್ಟುತ್ತಾರೆ ಅನ್ನುವುದು ಮೊದಲೇ ತೀರ್ಮಾನ ಆಗಬೇಕು. ಬಿಲ್ ಜಾಸ್ತಿ ಅಂತ ರಾತ್ರಿ ಬ್ಲೋವರ್ ಆಫ್ ಮಾಡಿದರೆ ಬೆಳಗ್ಗೆ ಒಳಗಿನ ಬ್ಯಾಕ್ಟೀರಿಯಾ ಉಸಿರುಗಟ್ಟಿರುತ್ತವೆ. ಬೆಳಗಾವಿ ನಗರದೊಳಗಿನ ಅಪಾರ್ಟ್‌ಮೆಂಟ್‌ಗೆ ಬೇರೆ ದಾರಿ ಇಲ್ಲ, ಅಲ್ಲಿ ಗುಂಟೆಯ ಬೆಲೆಗೆ ಎಷ್ಟು ವರ್ಷದ ಕರೆಂಟ್ ಬಿಲ್ ಕಟ್ಟಬಹುದು ಅಂತ ಲೆಕ್ಕ ಹಾಕಿದರೆ ಸಾಕು.

ಉಳಿದವನ್ನು ಬೇಗ ಮುಗಿಸುತ್ತೇನೆ. ಗಾಜಿನ ಕೊಳವೆಯಲ್ಲಿ ಪಾಚಿ ಬೆಳೆಸುವ ಪದ್ಧತಿ ಪ್ರದರ್ಶನಕ್ಕೆ ಸರಿ. ವಿಜಯಪುರದ 40 ಡಿಗ್ರಿ ಬಿಸಿಲಲ್ಲಿ ಕೊಳವೆಯೊಳಗಿನ ನೀರು ಕುದಿಯಲು ಬಾಕಿ ಇರುತ್ತದೆ, ಗಟಾರದ ನೀರಿಗಂತೂ ಬೇಡವೇ ಬೇಡ. ಅಂತರಗಂಗೆ ರಂಜಕ, ಲೋಹ ಎಲ್ಲ ಹೀರುತ್ತದೆ ನಿಜ, ಒಮ್ಮೆ ಬಿಟ್ಟರೆ ಮತ್ತೆ ಹಿಡಿತಕ್ಕೆ ಸಿಗುವುದಿಲ್ಲ. ನೀರಿನ ಮೇಲೆ ತೇಲುವ ಕಾಳಿನಂಥ ಡಕ್‌ವೀಡ್ ಮತ್ತು ಅಜೋಲಾ ವಾಸಿ, ಬಲೆಯಲ್ಲಿ ಎತ್ತಬಹುದು. ಆದರೆ ಮೂರು-ನಾಲ್ಕು ದಿನಕ್ಕೊಮ್ಮೆ ಎತ್ತಲೇಬೇಕು. ನೂಲಿನಂಥ ಪಾಚಿಯನ್ನು ಇಳಿಜಾರು ಜಾಳಿಗೆಯ ಮೇಲೆ ಬೆಳೆಸಿ ಕೆರೆದು ತೆಗೆಯುವ ಪದ್ಧತಿಯೊಂದಿದೆ, ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ರೂಪಿಸಿದ್ದು. ಪಾಚಿ ತೆಗೆಯುವ ತಲೆನೋವಿಗೆ ಅದು ಜಾಣ ಉತ್ತರ. ನಮ್ಮ ಕಡೆಯ ಕಾಲೇಜುಗಳು ಯಾರಾದರೂ ಮಾಡಿ ನೋಡಿದರೆ ಚೆನ್ನಾಗಿರುತ್ತಿತ್ತು.

ಮೂರು ಜಿಲ್ಲೆ, ಮೂರು ಹವಾಮಾನ

ಬೇರೆ ದೇಶದ ಪುಸ್ತಕದ ಡಿಸೈನ್ ಹಾಗೇ ತಂದು ಹಾಕಿದರೆ ಎಡವುವುದು ಇಲ್ಲಿ.

ವಿಜಯಪುರದಲ್ಲಿ ಬಿಸಿಲಿಗೆ ಬರವಿಲ್ಲ. ಮಳೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ಪಾಚಿಗೆ ಇದು ಹೇಳಿ ಮಾಡಿಸಿದ ಜಾಗ. ತೊಂದರೆ ಎರಡು. ಬೇಸಿಗೆಯಲ್ಲಿ ದಿನಕ್ಕೆ 8 ಮಿಲಿಮೀಟರ್ ಆವಿಯಾದರೂ ಮೇಲೆ ಹೇಳಿದ ಸಾದಾ ಹೊಂಡಗಳ ಸಾಲಿನಿಂದ ದಿನಕ್ಕೆ 14,000 ಲೀಟರ್ ಗಾಳಿಗೆ ಹೋಯಿತು, ಅಂದರೆ ಬಂದದ್ದರಲ್ಲಿ ಹತ್ತನೇ ಒಂದು ಪಾಲು. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಬೋರ್ ನೀರೇ ಸವುಳಿರುವ ಊರಲ್ಲಿ ಇದನ್ನು ಮರೆಯುವಂತಿಲ್ಲ. ಎರಡನೆಯದು ಎರೆ ಮಣ್ಣು. ತೇವ ಇರುವಾಗ ಕಟ್ಟಿದ ಒಡ್ಡು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಗರಸು ಹಾಕಿ ದಮ್ಮಸು ಮಾಡಬೇಕು, ಇಲ್ಲವೇ ಪ್ಲಾಸ್ಟಿಕ್ ಶೀಟ್ ಹಾಸಬೇಕು. ಒಳ್ಳೆಯ ಸುದ್ದಿ ಏನಂದರೆ, ದ್ರಾಕ್ಷಿ, ದಾಳಿಂಬೆ ತೋಟಗಳ ಕೃಷಿ ಹೊಂಡಕ್ಕೆ ಶೀಟ್ ಹಾಸಿ ಹಾಸಿ ಆ ಕೆಲಸ ಗೊತ್ತಿರುವ ಜನ ಈ ಜಿಲ್ಲೆಯಲ್ಲೇ ಇದ್ದಾರೆ. ಹೊರಗಿನ ಕಂಪನಿ ಕರೆಸಬೇಕಿಲ್ಲ.

ಬೆಳಗಾವಿಯ ಮಾತೇ ಬೇರೆ. ಖಾನಾಪುರ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಸೂರ್ಯನ ಮುಖ ಕಾಣುವುದೇ ಅಪರೂಪ. ಪಾಚಿ ಮಂಕಾಗುತ್ತದೆ, ಆಮ್ಲಜನಕ ಇಳಿಯುತ್ತದೆ, ವಾಸನೆ ಏಳುತ್ತದೆ. ಇದರ ಮೇಲೆ ಮಳೆನೀರು. ಒಂದೇ ದಿನ 100 ಮಿಲಿಮೀಟರ್ ಮಳೆ ಬಿದ್ದರೆ 15 ಗುಂಟೆ ಹೊಂಡದ ಮೇಲೇ ಒಂದೂವರೆ ಲಕ್ಷ ಲೀಟರ್ ಸುರಿಯುತ್ತದೆ. ದಿನದ ಕೊಳಚೆಗಿಂತ ಅದೇ ಜಾಸ್ತಿ! ತೆಳು ಹೊಂಡದ ಪಾಚಿ ಕೊಚ್ಚಿಹೋಗುತ್ತದೆ. ಆಳದ ಸಾಲು ಹೊಂಡ ಇದನ್ನು ತಡೆದುಕೊಳ್ಳುತ್ತದೆ, ಚಕ್ರದ ಹೊಂಡ ತಡೆದುಕೊಳ್ಳುವುದಿಲ್ಲ. ಬೆಳಗಾವಿ, ಖಾನಾಪುರ ಭಾಗಕ್ಕೆ ಜೊಂಡಿನ ಹಾಸು ಅಥವಾ ಮೋಟರ್ ಎಸ್‌ಟಿಪಿ ವಾಸಿ ಅಂತ ನಾನು ಹೇಳುವುದು ಇದಕ್ಕೇ. ಅದೇ ಜಿಲ್ಲೆಯ ಅಥಣಿ, ರಾಯಬಾಗ ಕಡೆ ಬಂದರೆ ಲೆಕ್ಕ ವಿಜಯಪುರದ್ದೇ.

ಬಾಗಲಕೋಟೆಯಲ್ಲಿ ಬಿಸಿಲಿದೆ, ಮಳೆ ಮಿತ. ಅಲ್ಲಿನ ವಿಶೇಷ ಆಲಮಟ್ಟಿ ಹಿನ್ನೀರು. ಹಿನ್ನೀರಿಗೆ, ಕೆರೆಗೆ ಹೋಗುವ ನೀರಾದರೆ ಬಿಒಡಿ ಇಳಿಸಿದರಷ್ಟೇ ಸಾಲದು. ಸಾರಜನಕ, ರಂಜಕ ಉಳಿದರೆ ನೀವು ಹೊಂಡದಲ್ಲಿ ಬೆಳೆಸದ ಪಾಚಿ ಹಿನ್ನೀರಿನಲ್ಲಿ ಬೆಳೆಯುತ್ತದೆ.

ನೀರು ಕೊನೆಗೆ ಎಲ್ಲಿಗೆ?

ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಿತಿ ಪ್ರಕಾರ ಹಳ್ಳ, ನದಿಗೆ ಬಿಡುವ ನೀರಿನ ಬಿಒಡಿ ಲೀಟರ್‌ಗೆ 30 ಮಿಲಿಗ್ರಾಂ, ತೇಲುಕಣ 100 ದಾಟಬಾರದು. ಹೊಲಕ್ಕೆ ಬಿಡುವುದಾದರೆ ಬಿಒಡಿ 100, ತೇಲುಕಣ 200 ತನಕ ನಡೆಯುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ನಿಮಗೆ ಸಿಗುವ ಒಪ್ಪಿಗೆ ಪತ್ರದಲ್ಲಿ ಇದಕ್ಕಿಂತ ಬಿಗಿ ಮಿತಿ ಇದ್ದರೆ ಅದೇ ಲೆಕ್ಕ. ಈ ಎರಡು ಸಾಲಿನ ವ್ಯತ್ಯಾಸ ನೋಡಿ. ಪಾಚಿ ಹೊಂಡದ ಹಸಿರು ನೀರು ಹಳ್ಳದ ಪರೀಕ್ಷೆಯಲ್ಲಿ ಫೇಲ್ ಆಗುವ ಕಡೆ ಹೊಲದ ಪರೀಕ್ಷೆಯಲ್ಲಿ ಆರಾಮಾಗಿ ಪಾಸ್ ಆಗುತ್ತದೆ. ಮಣ್ಣಿಗೆ ಬಿದ್ದ ಪಾಚಿ ಗೊಬ್ಬರ, ಹಳ್ಳಕ್ಕೆ ಬಿದ್ದ ಪಾಚಿ ಕೊಳಚೆ. ಆದ್ದರಿಂದ ಪಕ್ಕದಲ್ಲಿ ನೀರು ಬೇಕು ಅನ್ನುವ ರೈತರಿದ್ದಾರೋ ಇಲ್ಲವೋ ನೋಡಿ, ಆಮೇಲೆ ಹೊಂಡದ ಜಾಗ ಹುಡುಕಿ.

ಕಬ್ಬು, ನೇಪಿಯರ್ ಹುಲ್ಲು, ಗಿಡಮರಗಳಿಗೆ ಈ ನೀರು ಧಾರಾಳ ಬಿಡಬಹುದು. ರೊಟ್ಟಿ ಜೊತೆ ಹಸಿಯಾಗಿ ತಿನ್ನುವ ಮೆಂತ್ಯ, ಹಕ್ಕರಕಿ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲಿಗೆ ಮಾತ್ರ ಬೇಡ. ನಮ್ಮ ಕಡೆ ಊಟದಲ್ಲಿ ಹಸಿ ತಪ್ಪಲು ಜಾಸ್ತಿ, ಅಲ್ವಾ? ಬೆಳಗಾವಿ ನಗರದ ಕೊಳಚೆ ಹೊತ್ತು ಹೊಲಗಳ ಪಕ್ಕ ಹರಿಯುವ ಬಳ್ಳಾರಿ ನಾಲಾದ ಬಗ್ಗೆ ಜನ ತಲೆ ಕೆಡಿಸಿಕೊಳ್ಳುವುದು ಸುಮ್ನೆ ಅಲ್ಲ.

ಡ್ರಿಪ್ ಇರುವ ತೋಟಕ್ಕೆ ಕೊಡುವುದಾದರೆ ಇನ್ನೊಂದು ಎಚ್ಚರ. ಸಾದಾ ಕೃಷಿ ಹೊಂಡದ ನೀರಿನಲ್ಲೇ ಡ್ರಿಪ್ಪರ್ ಕಟ್ಟಿಕೊಂಡು ರೈತರು ಬೈಯುತ್ತಿರುತ್ತಾರೆ. ಹಸಿರು ನೀರಿಗೆ ಸ್ಯಾಂಡ್ ಫಿಲ್ಟರ್, ಅದರ ಹಿಂದೆ ಡಿಸ್ಕ್ ಫಿಲ್ಟರ್ ಎರಡೂ ಬೇಕು, ದಿನಾ ತೊಳೆಯಬೇಕು. ಹರಿ ನೀರು ಕೊಡುವವರಿಗೆ ಈ ಗೋಜಿಲ್ಲ.

ಕೊನೆಯ ಹೊಂಡದಿಂದ ಪಾಚಿ ಕಡಿಮೆ ಬರುವಂತೆ ಮಾಡಲು ಅಗ್ಗದ ಉಪಾಯಗಳಿವೆ. ಎರಡನೇ ಹೊಂಡದ ಹೊರಪೈಪಿನ ಬಾಯಿ ನೀರಿನ ಮಟ್ಟದಿಂದ ಎರಡು ಅಡಿ ಕೆಳಗಿರಲಿ. ಹಗಲು ಪಾಚಿ ಬೆಳಕಿಗೆ ಮೇಲೇರಿ ಕೂತಿರುತ್ತದೆ, ಕೆಳಗಿನ ನೀರು ತುಸು ತಿಳಿ. ಕೊನೆಗೆ ಮುಷ್ಟಿ ಗಾತ್ರದ ಕಲ್ಲು ತುಂಬಿದ ಪಟ್ಟಿಯೊಂದರ ಮೂಲಕ ನೀರು ಹಾಯಿಸಿ. ಅದರ ಮೇಲೆ ಜೊಂಡು ನೆಟ್ಟರೆ ಕಲ್ಲಿಗೆ ನೆರಳೂ ಆಯಿತು. ಪೂರ್ತಿ ಜೊಂಡಿನ ಹಾಸಿಗೆ ಬೇಕಾಗುವುದರ ಸಣ್ಣ ಪಾಲು ಜಾಗ ಸಾಕು. ಬೆಂಗಳೂರಿನ ಜಕ್ಕೂರು ಕೆರೆಗೆ ಹೋದವರು ನೋಡಿರಬಹುದು: ಎಸ್‌ಟಿಪಿಯಿಂದ ಬಂದ ನೀರು ಮೊದಲು ಜೊಂಡು ತುಂಬಿದ ಜೌಗು ದಾಟಿ ಆಮೇಲೆ ಕೆರೆ ಸೇರುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವ ಇಂಥ ಜೋಡಣೆಯೇ ನಮಗೆ ಬೇಕಾದದ್ದು.

ಕಾರ್ಖಾನೆ, ಘಟಕ ಇರುವವರಿಗೆ

ಡಿಸ್ಟಿಲರಿಯಲ್ಲಿ ಮದ್ಯಸಾರ ತೆಗೆದ ಮೇಲೆ ಉಳಿಯುವ ಸ್ಪೆಂಟ್ ವಾಶ್‌ಗೆ ಪಾಚಿ ಅನ್ನುವವರ ಮಾತು ಕೇಳಲೇಬೇಡಿ. ಅದರ ಸಿಒಡಿ (ಬಿಒಡಿಯಂತೆಯೇ ಕೊಳಚೆಯ ಇನ್ನೊಂದು ಅಳತೆ) ಲೀಟರ್‌ಗೆ 80,000 ಮಿಲಿಗ್ರಾಂ ಮೇಲೇ ಇರುತ್ತದೆ, ಬಣ್ಣ ಕಾಫಿ ಡಿಕಾಕ್ಷನ್‌ಗಿಂತ ಗಾಢ. ಬೆಳಕೇ ಒಳಗಿಳಿಯದ ನೀರಿನಲ್ಲಿ ಪಾಚಿ ಏನು ಮಾಡೀತು? ಅದನ್ನು ಬಯೋಗ್ಯಾಸ್ ಮಾಡಿ, ಗಟ್ಟಿ ಮಾಡಿ ಸುಡಬೇಕು ಅಥವಾ ಕಬ್ಬಿನ ರಸ ಸೋಸಿದಾಗ ಉಳಿಯುವ ಪ್ರೆಸ್‌ಮಡ್ ಜೊತೆ ಗೊಬ್ಬರ ಮಾಡಬೇಕು. ಸಕ್ಕರೆ ಕಾರ್ಖಾನೆಯ ಮಾಮೂಲಿ ತೊಳೆದ ನೀರು ಬೇರೆ, ಅದರ ಕೊನೆಯ ಹಂತಕ್ಕೆ ಹೊಂಡ ಹೊಂದುತ್ತದೆ. ಆದರೆ ಹಂಗಾಮು ಮುಗಿದ ಮೇಲೆ ತಿಂಗಳುಗಟ್ಟಲೆ ನೀರೇ ಬರದೆ ಹೊಂಡ ಒಣಗಿದರೆ ಪಾಚಿಯೂ ಇಲ್ಲ. ಕಾಲೊನಿಯ ಕೊಳಚೆಯನ್ನು ಅದಕ್ಕೇ ಕೂಡಿಸಿದರೆ ಹೊಂಡ ಜೀವಂತ ಇರುತ್ತದೆ. ಈ ವಿಷಯಕ್ಕೆ ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಲ್ಲಿ ವಿಚಾರಿಸಬಹುದು.

ಇಳಕಲ್, ರಬಕವಿ-ಬನಹಟ್ಟಿಯ ನೂಲು ಬಣ್ಣದ ನೀರಿನಲ್ಲಿ ಉಪ್ಪು ಜಾಸ್ತಿ, ಪಿಎಚ್ ಏರಿರುತ್ತದೆ. ಬಣ್ಣದ ಒಂದಿಷ್ಟು ಪಾಚಿಗೆ ಅಂಟಿಕೊಳ್ಳುತ್ತದೆ, ಉಪ್ಪನ್ನು ಪಾಚಿ ಮುಟ್ಟುವುದೂ ಇಲ್ಲ. ಆ ನೀರನ್ನು ಹೊಲಕ್ಕೆ ಬಿಟ್ಟರೆ ಮಣ್ಣು ಸವುಳಾಗುತ್ತದೆ. ಮೊದಲು ಬಣ್ಣ ಇಳಿಸುವ ತೊಟ್ಟಿ, ಉಪ್ಪಿಗೆ ಬೇರೆ ದಾರಿ. ಪಾಚಿ ಇಲ್ಲಿ ನಾಯಕನಲ್ಲ.

ಬೆಳಗಾವಿಯ ಉದ್ಯಮಬಾಗದಂಥ ಕಡೆ ಪ್ಲೇಟಿಂಗ್ (ಲೋಹದ ಸಾಮಾನಿಗೆ ಇನ್ನೊಂದು ಲೋಹದ ಲೇಪ) ಮಾಡುವವರ ನೀರಿನಲ್ಲಿ ಕ್ರೋಮಿಯಂ, ನಿಕ್ಕಲ್ ಇರುತ್ತವೆ. ಪಾಚಿಯ ಮೈಗೆ ಲೋಹ ಅಂಟುವುದು ನಿಜ. ಆದರೆ ಲೋಹ ಮಾಯವಾಗುವುದಿಲ್ಲ, ನೀರಿನಿಂದ ಪಾಚಿಗೆ ದಾಟುತ್ತದೆ, ಅಷ್ಟೆ. ಆಮೇಲೆ ಆ ಪಾಚಿಯೇ ಅಪಾಯಕಾರಿ ಕಸ. ದನಕ್ಕೂ ಇಲ್ಲ, ಹೊಲಕ್ಕೂ ಇಲ್ಲ. ಕ್ರೋಮಿಯಂ ಜಾಸ್ತಿಯಾದರೆ ಪಾಚಿಯೇ ಸಾಯುತ್ತದೆ.

ಡೈರಿಯವರಿಗೆ ಮಾತ್ರ ನಾನು ಧೈರ್ಯವಾಗಿ ಹೌದು ಅನ್ನುತ್ತೇನೆ. ಮೊದಲು ಜಿಡ್ಡು ತಡೆಯುವ ತೊಟ್ಟಿ, ಆಮೇಲೆ ಬಯೋಗ್ಯಾಸ್, ಅದರಿಂದ ಬಂದ ಅಮೋನಿಯಾ ತುಂಬಿದ ನೀರನ್ನು ತೆಳು ಮಾಡಿ ಪಾಚಿ ಹೊಂಡಕ್ಕೆ. ಗ್ಯಾಸ್ ಅಡುಗೆಗೆ ಅಥವಾ ಬಾಯ್ಲರ್‌ಗೆ, ನೀರು ಮೇವಿನ ಹುಲ್ಲಿಗೆ. ಯಾವುದೇ ಘಟಕ ಆದರೂ 1974ರ ಜಲ ಕಾಯ್ದೆಯಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ಮಂಡಳಿಯ ಕಚೇರಿ ಮೂರೂ ಜಿಲ್ಲೆಯಲ್ಲಿದೆ.

ಪಾಚಿ ಮಾರಿ ದುಡ್ಡು

ಚೆನ್ನಾಗಿ ನಡೆಯುವ ಚಕ್ರದ ಹೊಂಡದಲ್ಲಿ ಒಂದು ಚದರ ಮೀಟರ್‌ಗೆ ದಿನಕ್ಕೆ 15 ಗ್ರಾಂ ಒಣ ಪಾಚಿ ಬಂದರೆ ಒಳ್ಳೆಯ ಇಳುವರಿ. ನಮ್ಮ 15 ಗುಂಟೆಗೆ ದಿನಕ್ಕೆ 22 ಕಿಲೋ. ಅದರಲ್ಲಿ ಸಾರಜನಕ ನೂರಕ್ಕೆ 7, ಅಂದರೆ ಒಂದೂವರೆ ಕಿಲೋ. ಯೂರಿಯಾ ಲೆಕ್ಕದಲ್ಲಿ ಮೂರೂವರೆ ಕಿಲೋ ಒಳಗೇ. ಎರಡು ವಾರ ಪಾಚಿ ಸೋಸಿ, ಹಿಂಡಿ, ಒಣಗಿಸಿದರೆ ಸಿಕ್ಕಿದ್ದು 45 ಕಿಲೋದ ಒಂದು ಚೀಲ ಯೂರಿಯಾದಷ್ಟು ಸಾರಜನಕ. ಆ ಚೀಲ ಸೊಸೈಟಿಯಲ್ಲಿ ಸಬ್ಸಿಡಿ ದರಕ್ಕೆ 300 ರೂಪಾಯಿ ಒಳಗೆ ಸಿಗುತ್ತದೆ. ರಂಜಕ, ಸಾವಯವ ಅಂಶ ಎಲ್ಲ ಸೇರಿಸಿ ಬೆಲೆ ನಾಲ್ಕು ಪಟ್ಟು ಕಟ್ಟಿದರೂ ಒಬ್ಬ ಆಳಿನ ಕೂಲಿಗೆ ಸಾಲುವುದಿಲ್ಲ.

ಡೀಸೆಲ್ ಮಾಡೋಣ ಅಂದರೆ ಅಮೆರಿಕ ಸರ್ಕಾರ 1978ರಿಂದ 1996ರ ತನಕ ಇದಕ್ಕೇ ಒಂದು ಯೋಜನೆ ನಡೆಸಿ, ಪೆಟ್ರೋಲಿಯಂ ಬೆಲೆಯ ಮುಂದೆ ಗಿಟ್ಟುವುದಿಲ್ಲ ಎಂದು ನಿಲ್ಲಿಸಿತು. ಸ್ಪಿರುಲಿನಾ ಮಾತ್ರೆಯ ಕನಸು ತೋರಿಸುವವರಿಗೆ, ಗಟಾರದ ನೀರಿನಲ್ಲಿ ಬೆಳೆದದ್ದನ್ನು ನೀವು ತಿನ್ನುತ್ತೀರಾ ಅಂತ ಕೇಳಿ ಸಾಕು. ಕೊಳಚೆಯಿಂದ ದುಡ್ಡು ಬರುವುದೇ ಇಲ್ಲ ಅಂತಲ್ಲ. ಕೋಲ್ಕತ್ತದ ಪೂರ್ವ ಜೌಗು ಪ್ರದೇಶದಲ್ಲಿ ನಗರದ ಕೊಳಚೆಯಿಂದ ಹೊಂಡಗಳಲ್ಲಿ ಪಾಚಿ ಬೆಳೆದು, ಅದನ್ನು ಮೀನು ತಿಂದು, ಆ ಮೀನು ಮಾರುಕಟ್ಟೆಗೆ ಹೋಗುತ್ತದೆ. 2002ರಲ್ಲಿ ಅದು ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಆದರೆ ಅದರ ಹಿಂದೆ ತಲೆಮಾರುಗಳ ಮೀನುಗಾರರ ಕೈಗುಣ ಇದೆ, ಅಂಗಡಿಯಲ್ಲಿ ಸಿಗುವುದಲ್ಲ.

ಪಂಚಾಯಿತಿಗೆ ದುಡ್ಡು ಬರುವ ದಾರಿ ಬೇರೆ ಇದೆ. ಸ್ವಚ್ಛ ಭಾರತ್ ಮಿಷನ್ ಗ್ರಾಮೀಣದ ಎರಡನೇ ಹಂತದ 2020ರ ಮಾರ್ಗಸೂಚಿಯಲ್ಲಿ 5,000 ಜನರವರೆಗಿನ ಊರಿಗೆ ಬೂದು ನೀರಿನ ಕೆಲಸಕ್ಕೆ ತಲೆಗೆ 280 ರೂಪಾಯಿ ತನಕ ಇಟ್ಟಿದ್ದರು. 3,000 ಜನಕ್ಕೆ 8.4 ಲಕ್ಷ. ಮಣ್ಣಿನ ಹೊಂಡದ ಮಾತಿಗೆ ಇದು ಹತ್ತಿರ, ಮೋಟರ್ ಎಸ್‌ಟಿಪಿಯ ಮಾತಿಗೆ ದೂರ.

ಕಣ್ಣಳತೆಯ ಪರೀಕ್ಷೆ

ಹೊಂಡ ಆರೋಗ್ಯವಾಗಿದೆಯೋ ಇಲ್ಲವೋ ಬಣ್ಣವೇ ಹೇಳುತ್ತದೆ. ಕಡು ಹಸಿರು ಇದ್ದರೆ ಸರಿ. ಬೂದು, ಕಪ್ಪು ತಿರುಗಿದರೆ ತಡೆಯಲಾರದಷ್ಟು ಕೊಳಚೆ ಬರುತ್ತಿದೆ. ನಸುಗೆಂಪು ಕಂಡರೆ ಆಮ್ಲಜನಕ ಮುಗಿದು ಗಂಧಕದ ಬ್ಯಾಕ್ಟೀರಿಯಾ ಬಂದಿವೆ. ನೀಲಿ-ಹಸಿರು ಕೆನೆ ಕಟ್ಟಿ ನಾತ ಹೊಡೆದರೆ ಅದನ್ನು ಎತ್ತಿ ಹಾಕಿ, ದನಗಳಿಗೆ ಆ ನೀರು ಕುಡಿಸಬೇಡಿ, ಕೆಲವು ಜಾತಿಗಳಲ್ಲಿ ವಿಷ ಇರುತ್ತದೆ. ಒಂದು ದಿನ ಬೆಳಗ್ಗೆ ನೀರು ಇದ್ದಕ್ಕಿದ್ದಂತೆ ತಿಳಿಯಾದರೆ ಖುಷಿಪಡಬೇಡಿ. ಡಾಫ್ನಿಯಾ ಎಂಬ, ಕಣ್ಣಿಗೆ ಚುಕ್ಕಿಯಂತೆ ಕಾಣುವ ಹುಳುಗಳು ಹೆಚ್ಚಿ ಪಾಚಿಯನ್ನೆಲ್ಲ ಮೇಯ್ದಿರುತ್ತವೆ. ಒಂದು ಸ್ಟೀಲ್ ಲೋಟದಲ್ಲಿ ನೀರು ಹಿಡಿದು ನೋಡಿದರೆ ಕುಪ್ಪಳಿಸುವುದು ಕಾಣುತ್ತದೆ. ಎರಡು-ಮೂರು ದಿನದಲ್ಲಿ ಆಮ್ಲಜನಕ ಇಳಿಯುತ್ತದೆ, ಅಷ್ಟರೊಳಗೆ ಒಳಬರುವ ಕೊಳಚೆ ತುಸು ಕಡಿಮೆ ಮಾಡಬೇಕು.

ಪಾಚಿ ತೆಗೆಯುವುದು ಎಷ್ಟು ಕಷ್ಟ ಅಂತ ತಿಳಿಯಲು ಮಷಿನ್ ಬೇಡ. ಒಂದು ಲೀಟರ್ ಬಾಟಲಿಯಲ್ಲಿ ಹಸಿರು ನೀರು ತುಂಬಿ ಕತ್ತಲೆ ಕೋಣೆಯಲ್ಲಿಡಿ. ಮರುದಿನ ಹೊತ್ತಿಗೆ ತಳದಲ್ಲಿ ಹಸಿರು ಪದರ ಕೂತು ಮೇಲಿನ ನೀರು ತಿಳಿಯಾಗಿದ್ದರೆ ಒಂದು ತೊಟ್ಟಿಯಲ್ಲೇ ಕೆಲಸ ಆಗುತ್ತದೆ. ಮೇಲಿಂದ ಕೆಳಗಿನ ತನಕ ಹಾಗೇ ಹಸಿರಾಗಿದ್ದರೆ ಪಟಿಕ ಇಲ್ಲವೇ ಕಲ್ಲಿನ ಪಟ್ಟಿ ಬೇಕೇ ಬೇಕು.

ಸೊಳ್ಳೆ ಹುಟ್ಟುವುದು ನಡುನೀರಿನಲ್ಲಲ್ಲ, ದಡದ ಹುಲ್ಲಿನಲ್ಲಿ. ದಡಕ್ಕೆ ಕಲ್ಲು ಹಾಸಿ ಹುಲ್ಲು ಕೀಳುತ್ತಿದ್ದರೆ, ಕೊನೆಯ ಹೊಂಡಕ್ಕೆ ಗಪ್ಪಿ ಮೀನು ಬಿಟ್ಟರೆ ಸಾಕು. ಹೊಂಡ ಮನೆಗಳಿಂದ ಕಡಿಮೆ ಅಂದರೂ 200 ಮೀಟರ್ ದೂರ ಇರಲಿ, ಮೊದಲ ಆಳದ ಹೊಂಡ ಇನ್ನೂ ದೂರ.

ಶುರು ಮಾಡುವಾಗ

ಪಾಚಿಯ ಬೀಜ ಅಂತ ಬಾಟಲಿ ಮಾರಲು ಬಂದರೆ ಕೊಳ್ಳಬೇಡಿ. ಗಾಳಿ, ಹಕ್ಕಿಯ ಕಾಲು, ಪಕ್ಕದ ಕೆರೆ, ಎಲ್ಲಿಂದಾದರೂ ಬರುತ್ತದೆ. ಬೇಗ ಬೇಕೆಂದರೆ ಹಳೇ ಹೊಂಡದ ಹಸಿರು ನೀರು ನಾಲ್ಕು ಕೊಡ ಸುರಿಯಿರಿ. ಮೊದಲ ದಿನವೇ ಕೊಳಚೆ ತುಂಬಬಾರದು. ಎರಡನೇ ಹೊಂಡಕ್ಕೆ ಮೊದಲು ಬೋರ್ ಅಥವಾ ಕಾಲುವೆ ನೀರು ತುಂಬಿ, ಸ್ವಲ್ಪ ಸ್ವಲ್ಪ ಕೊಳಚೆ ಬಿಡುತ್ತ ಮೂರು-ನಾಲ್ಕು ವಾರದಲ್ಲಿ ಪೂರ್ತಿ ಮಾಡಿ. ವಿಜಯಪುರ, ಬಾಗಲಕೋಟೆಯಲ್ಲಿ ದೀಪಾವಳಿ ಆದಮೇಲಿಂದ ಶಿವರಾತ್ರಿ ತನಕ ಯಾವಾಗಲಾದರೂ ಸರಿ. ಬೆಳಗಾವಿಯಲ್ಲಿ ಮೇ ಕೊನೆಗೆ ಉದ್ಘಾಟನೆ ಇಟ್ಟುಕೊಂಡರೆ ಮೊದಲ ಮಳೆಗಾಲವೇ ಹಾಳಾಗುತ್ತದೆ.

ಗುತ್ತಿಗೆದಾರರ ಜೊತೆ ಮಾತಾಡುವಾಗ ಅವರು ಮಾಡಿದ ಬೇರೆ ಹೊಂಡದ ಪರೀಕ್ಷಾ ವರದಿ ಕೇಳಿ. ಮಾರ್ಚ್ ತಿಂಗಳ ಮಧ್ಯಾಹ್ನದ ವರದಿ ಎಲ್ಲರ ಹತ್ತಿರವೂ ಇರುತ್ತದೆ. ಆಗಸ್ಟ್ ತಿಂಗಳದ್ದು, ಬೆಳಗಿನ ಜಾವ ತೆಗೆದ ನೀರಿನದ್ದು, ಸೋಸದೆ ಅಳೆದ ಬಿಒಡಿ ಮತ್ತು ತೇಲುಕಣ ಎರಡೂ ಇರುವಂಥದ್ದು ಕೊಡಿ ಅನ್ನಿ. ಸೋಸಿ ಅಳೆದರೆ ಪಾಚಿ ಲೆಕ್ಕಕ್ಕೇ ಬರುವುದಿಲ್ಲ, ಆದ್ದರಿಂದ "ಸೋಸದೆ" ಎಂಬ ಪದ ಕರಾರುಪತ್ರದಲ್ಲೂ ಇರಲಿ.